ಪರದೇಶದ ನೀರಿಗೆ ಬಿದ್ದ ಲಿಂಗ

ವಳಕಮದಿನ್ನಿಯ ಶಿವಕಾಂತ ಅಕ್ಕಿ ಮಿಲ್ಲಿನ ಫಿಟ್ಟರು. ಪಾನಾ, ಸುತ್ತಿಗೆ ತುಂಬಿದ ಚೀಲವನ್ನು ಹೆಗಲಿಗೆ ಹಾಕಿಕೊಂಡು ಬೆಳಗ್ಗೆ ಬಸ್ಸು ಹತ್ತಿದರೆ ಒಂದು ದಿನ ಸಿಂಧನೂರು, ಒಂದು ದಿನ ಮಸ್ಕಿ, ಮತ್ತೊಂದು ದಿನ ಲಿಂಗಸುಗೂರು. ಒಬ್ಬನೇ ಹೋಗುವುದು, ಒಬ್ಬನೇ ಬರುವುದು. ಎಲ್ಲಿಗೆ ಹೋದರೂ ದೀಪ ಹಚ್ಚುವ ಹೊತ್ತಿಗೆ ಮನೆಯ ಕಟ್ಟೆಯ ಮೇಲೆ ಕಾಲು ತೊಳೆಯುತ್ತಿದ್ದ. ಅವನ ಹೆಂಡತಿ ಶೇಖರಮ್ಮ ರೊಟ್ಟಿಯ ಹಂಚನ್ನು ಒಲೆಯ ಮೇಲಿಟ್ಟಳೆಂದರೆ ಇನ್ನೇನು ಅವನು ಬರುವ ಹೊತ್ತಾಯಿತೆಂದೇ ಓಣಿಯವರ ಲೆಕ್ಕ.

ಅಂಥವನಿಗೆ ನಲವತ್ತು ದಾಟಿದ ಮೇಲೆ ಪರದೇಶ ನೋಡುವ ಹುಚ್ಚು ಹಿಡಿಯಿತು. ಮನೆಯಲ್ಲಿ ಕೊರತೆಯೇನೂ ಇರಲಿಲ್ಲ. ಮಿಲ್ಲಿನ ಯಂತ್ರ ಮಾರುವ ಕಂಪನಿಯೊಂದು ಆಫ್ರಿಕಾದ ತಾಂಜಾನಿಯಾ ದೇಶದಲ್ಲಿ ಮಿಲ್ಲು ಕೂಡಿಸಲು ಫಿಟ್ಟರನ್ನು ಹುಡುಕುತ್ತಿತ್ತು. ಅವನಿಗೆ ಕೆಲಸ ಕಲಿಸಿದ ಹಿರಿಯ ಮೇಸ್ತ್ರಿ ಅಮರಗುಂಡಪ್ಪ ಮೊಣಕಾಲು ನೋವೆಂದು ಒಲ್ಲೆನೆಂದ. ಶಿವಕಾಂತ ತಾನೇ ಮುಂದೆ ಬಿದ್ದು ಒಪ್ಪಿಕೊಂಡ.

"ಅಲ್ಲಿ ಯಾರ ಅದಾರಂತ ಹೊಂಟೀರಿ?" ಎಂದಳು ಶೇಖರಮ್ಮ.

"ಯಾರೂ ಇಲ್ಲ ಅಂತನ ಹೊಂಟೀನಿ. ಇಲ್ಲಿ ಎಲ್ಲಿ ಇಳಿದ್ರೂ ಗುರುತಿನವ್ರು. ಒಂದ್ಸಲ ಗುರುತಿಲ್ಲದ ಊರಾಗ ಅಡ್ಡಾಡಿ ಬರ್ತೀನಿ."

"ಅಡ್ಡಾಡ್ರಿ. ಉಣ್ಣೂದು ಮಾತ್ರ ಮರೀಬ್ಯಾಡ್ರಿ."

ಅವನಿಗೆ ಠಿಕಾಣಿ ಸಿಕ್ಕಿದ್ದು ಮ್ವಾಂಜಾ ಎಂಬ ಊರಿನಲ್ಲಿ. ದೊಡ್ಡ ಸರೋವರದ ದಂಡೆಯ ಊರು. ಬಸ್ಸಿನಿಂದ ಇಳಿದವನೇ ಬೆರಗಾಗಿ ನಿಂತ. ಸುತ್ತಲೂ ಒಂದರ ಮೇಲೊಂದು ಪೇರಿಸಿಟ್ಟಂಥ ಗುಂಡುಕಲ್ಲುಗಳು. ಮಸ್ಕಿಯ ಗುಡ್ಡವನ್ನೇ ಯಾರೋ ಹೊತ್ತು ತಂದು ನೀರಿನ ಪಕ್ಕ ಇಳಿಸಿದಂತೆ ಕಂಡಿತು. ಅಲ್ಲಿಂದ ವಾರಕ್ಕೊಂದು ಊರಿಗೆ ಒಬ್ಬನೇ ಬಸ್ಸು ಹತ್ತಿ ಹೋಗಬೇಕು. ಮಿಲ್ಲು ಕೂಡಿಸಬೇಕು, ತಿರುಗಿ ಬರಬೇಕು. ಭಾಷೆ ಬಾರದು. ಅಲ್ಲಿಯವರು ಕುಶಲ ಕೆಲಸಗಾರನಿಗೆ 'ಫುಂಡಿ' ಎನ್ನುತ್ತಾರೆ; ಆ ಒಂದು ಮಾತು ಹಿಡಿದುಕೊಂಡು ಎದೆ ಮುಟ್ಟಿ ತೋರಿಸಿದರೆ ಬಸ್ಸಿನವರು ಜಾಗ ಕೊಡುತ್ತಿದ್ದರು, ಅಂಗಡಿಯವರು ನಗುತ್ತಿದ್ದರು.

ಭಾನುವಾರ ಬಂತೆಂದರೆ ಕಂಪನಿಯ ಕೋಣೆಯಲ್ಲಿ ಅವನು ನಿಲ್ಲುತ್ತಿರಲಿಲ್ಲ. ಒಂದು ಭಾನುವಾರ ದೋಣಿಯಲ್ಲಿ ನಡುಗಡ್ಡೆಗೆ ಹೋಗಿ ಬಂದ. ಇನ್ನೊಂದು ಭಾನುವಾರ ಮೂಗು ಮುಚ್ಚಿಕೊಂಡು ಒಣಮೀನಿನ ಸಂತೆ ನೋಡಿದ. ನೋಡಿದ್ದನ್ನೆಲ್ಲ ಫೋನಿನಲ್ಲಿ ಶೇಖರಮ್ಮನಿಗೆ ಹುಡುಗನಂತೆ ಹೇಳುತ್ತಿದ್ದ. ಅಷ್ಟು ಸುಖವಾಗಿ ಅವನು ಎಂದೂ ಅಡ್ಡಾಡಿರಲಿಲ್ಲ. ಮುಂದೆ ಅವನನ್ನು ಸುಟ್ಟದ್ದೂ ಆ ಸುಖವೇ.

ಶಿವಕಾಂತನ ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಅವನು ಇನ್ನೂ ಚಿಕ್ಕವನಿದ್ದಾಗ ಮಸ್ಕಿಯ ಜಂಗಮರು, ಗುರುಗುಂಡಯ್ಯ ತಾತನವರು, ತಮ್ಮ ಕೈಯಾರೆ ಕಟ್ಟಿದ ಲಿಂಗ. ಅದನ್ನು ಅಂಗೈಯಲ್ಲಿಟ್ಟು ಪೂಜಿಸದೆ ಅವನು ತುತ್ತು ಎತ್ತಿದವನಲ್ಲ. ಲಿಂಗ ಮೈಮೇಲಿಂದ ಅಗಲಿದರೆ ಪ್ರಾಣವೇ ಅಗಲಿದಂತೆ, ಮತ್ತೆ ಗುರುವಿನ ಕೈಯಿಂದ ಕಟ್ಟಿಸಿಕೊಳ್ಳುವತನಕ ಅನ್ನ ಮುಟ್ಟಬಾರದು ಎಂಬುದು ಅವರ ಮನೆತನದ ನಡೆ. ಮಿಲ್ಲಿನ ಧೂಳು, ಬೆವರು, ಎಣ್ಣೆ ತಾಗಿ ಕರಡಿಗೆಯ ಶಿವದಾರ ಸವೆದುಹೋಗಿತ್ತು. ಊರಲ್ಲಾಗಿದ್ದರೆ ಶೇಖರಮ್ಮ ಹೊಸ ದಾರ ಹೊಸೆದು ಕೊಡುತ್ತಿದ್ದಳು. ಇಲ್ಲಿ ಅವನು ಅಕ್ಕಿ ಚೀಲ ಹೊಲಿಯುವ ನೈಲಾನ್ ದಾರವನ್ನು ಸೇರಿಸಿ ಗಂಟು ಹಾಕಿದ. ನೈಲಾನಿನ ಗಂಟು ನೀರಿನಲ್ಲಿ ಜಾರುತ್ತದೆಂದು ಫಿಟ್ಟರಿಗೆ ಗೊತ್ತಿರದ ಮಾತಲ್ಲ. ಆದರೂ ಹಾಕಿದ. ನಾಳೆ ಬೇರೆ ದಾರ ನೋಡಿದರಾಯಿತೆಂದುಕೊಂಡ.

ಆ ಭಾನುವಾರ ಅವನಿಗೆ ಒಂದು ಆಸೆ ಹುಟ್ಟಿತು. ಊರಲ್ಲಿ ಕಾಲುವೆಯ ಏರಿಯ ಮೇಲೆ ಕೂತು ಪೂಜೆ ಮಾಡುತ್ತಿದ್ದಂತೆ ಈ ಸರೋವರದ ದಂಡೆಯಲ್ಲೂ ಒಮ್ಮೆ ಮಾಡಬೇಕು. ವಿಭೂತಿ ಕಟ್ಟಿಕೊಂಡು ಬೆಳಗ್ಗೆಯೇ ಹೊರಟ. ಬಂಡೆಗಳ ಸಂದಿಯಲ್ಲಿ ಸೊಂಟಮಟ್ಟ ನೀರಿಗಿಳಿದು ಮೂರು ಮುಳುಗು ಹಾಕಿ ಎದ್ದ. ಎದೆಗೆ ಕೈ ಹೋಯಿತು. ಎದೆ ಬರಿದಾಗಿತ್ತು.

ಮತ್ತೆ ಮುಳುಗಿದ. ಕಲ್ಲುಗಳ ಬುಡದಲ್ಲಿ ಕೈಯಾಡಿಸಿದ. ಬೆರಳು ತರಚಿ ರಕ್ತ ಬಂತು. ದಂಡೆಯಲ್ಲಿ ಬಲೆ ಬಿಡಿಸುತ್ತಿದ್ದ ಮೀನುಗಾರರು ಓಡಿಬಂದರು. ಏನು ಕಳೆಯಿತೆಂದು ಸನ್ನೆ ಮಾಡಿ ಕೇಳಿದರು. ಅವನು ಬೆರಳು ಕೂಡಿಸಿ ಇಷ್ಟು ಎಂದು ತೋರಿಸಿದ. ಬಂಗಾರವೇ ಎಂದು ಒಬ್ಬ ತನ್ನ ಉಂಗುರ ತೋರಿಸಿ ಕೇಳಿದ. ಶಿವಕಾಂತ ತಲೆಯಲ್ಲಾಡಿಸಿ ಪಕ್ಕದ ಬಂಡೆಯನ್ನು ತಟ್ಟಿದ. ಕಲ್ಲು. ಅವರು ಒಬ್ಬರ ಮುಖ ಒಬ್ಬರು ನೋಡಿದರು, ಸುತ್ತ ಹರಡಿದ್ದ ಕಲ್ಲುಗಳನ್ನೂ ನೋಡಿದರು. ನಗು ಬಂದರೂ ನಗಲಿಲ್ಲ. ಇಬ್ಬರು ನೀರಿಗೆ ಧುಮುಕಿದರು. ಸೂರ್ಯ ಇಳಿಯುವತನಕ ಹುಡುಕಿದರು. ಕೊನೆಗೆ ಅವರಲ್ಲಿ ಹಿರಿಯನೊಬ್ಬ ಶಿವಕಾಂತನ ಹೆಗಲಿಗೆ ಒಣ ಬಟ್ಟೆ ಹೊದಿಸಿ ಸುಮ್ಮನೆ ಪಕ್ಕದಲ್ಲಿ ಕೂತ.

ಕತ್ತಲಾದ ಮೇಲೆ ಶೇಖರಮ್ಮನ ಫೋನು ಬಂತು.

"ಊಟ ಆತ್ರ್ಯಾ?"

"ಆತು."

"ಏನ್ ಉಂಡ್ರಿ?"

"ಅದ... ಇವರ ಮುದ್ದಿ. ಬ್ಯಾಳಿ."

ಮದುವೆಯಾದ ಮೇಲೆ ಅವನು ಹೆಂಡತಿಗೆ ಹೇಳಿದ ಮೊದಲ ಸುಳ್ಳು ಅದೇ ಇರಬೇಕು. ಅಡ್ಡಾಡಲು ಹೋಗಿ ಲಿಂಗ ಕಳೆದುಕೊಂಡೆನೆಂದು ಯಾವ ಬಾಯಿಂದ ಹೇಳುವುದು? ಕೆಲಸದಲ್ಲಿ ಹೋಗಿದ್ದರೆ ದೇವರೂ ಒಪ್ಪಿಯಾನು. ಮೋಜಿನಲ್ಲಿ ಹೋಯಿತಲ್ಲ!

ಮರುದಿನ ಕಹಾಮಾ ಎಂಬ ಊರಿಗೆ ಹೋಗಬೇಕಾಗಿತ್ತು. ಖಾಲಿ ಹೊಟ್ಟೆಯಲ್ಲೇ ಬಸ್ಸು ಹತ್ತಿದ. ಅಲ್ಲಿಯ ಮಿಲ್ಲಿನಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದವನು ಮುದಗಲ್ಲಿನ ರಫೀಕ್. ಆ ದೇಶದಲ್ಲಿ ಶಿವಕಾಂತನಿಗೆ ಕನ್ನಡದಲ್ಲಿ ಬೈಯುವ ಒಬ್ಬನೇ ಮನುಷ್ಯ. ಎರಡು ದಿನ ಅವನು ಗಮನಿಸಿದ. ತಟ್ಟೆ ಮುಂದಿಟ್ಟರೆ ಶಿವಕಾಂತ ಏನಾದರೊಂದು ನೆವ ಹೇಳಿ ಎದ್ದುಹೋಗುತ್ತಿದ್ದ. ಬರೀ ನೀರು ಕುಡಿಯುತ್ತಿದ್ದ.

"ಏನಲೇ, ನಮ್ಮ ರಂಜಾನ್ ಮುಗದು ಎಷ್ಟೋ ದಿನ ಆತು. ನೀ ಈಗ ರೋಜಾ ಹಿಡದೀಯೇನು?"

"ಹೊಟ್ಟಿ ಸರಿ ಇಲ್ಲೋ."

"ಹೊಟ್ಟಿ ಸರಿ ಇಲ್ಲದವ ಹೊಟ್ಟಿ ಹಿಡಕೊಳ್ತಾನ. ನೀ ಮಾತಿಗೊಮ್ಮೆ ಎದಿ ಯಾಕ ಮುಟ್ಟಿಕೊಳ್ಳಾಕತ್ತೀ?"

ಶಿವಕಾಂತ ಪಾನಾ ಹಿಡಿದು ಮಿಲ್ಲಿನ ಕಡೆ ಎದ್ದುಹೋದ. ಆ ದಿನ ಮಧ್ಯಾಹ್ನ ಬೆಲ್ಟು ತಿರುಗಿಸಿ ನೋಡುತ್ತಿದ್ದಾಗ ಅವನಿಗೆ ಕಣ್ಣು ಕತ್ತಲೆ ಬಂತು. ಆಸರೆಗೆಂದು ಚಾಚಿದ ಕೈ ಓಡುವ ಬೆಲ್ಟಿನ ಕಡೆಗೇ ಹೋಯಿತು. ರಫೀಕ್ ಅಂಗಿ ಹಿಡಿದು ಹಿಂದಕ್ಕೆ ಜಗ್ಗಿ ಕೆಡವಿದ.

"ಕೈ ಹೊಕ್ಕಿತ್ತಲ್ಲೋ ಹುಚ್ಚಪ್ಪಾ! ಏನಾಗೈತಿ ಹೇಳ್ತೀಯೋ, ನಾನ ನಿನ್ನ ಕುತ್ತಿಗಿ ಹಿಚುಕ್ಲೋ?"

ನೆಲದ ಮೇಲೆ ಕೂತೇ ಶಿವಕಾಂತ ಹೇಳಿದ. ರಫೀಕ್ ಎಂಜಿನ್ ಆರಿಸಿ ಬಂದು ಎದುರಿಗೆ ಕೂತ. ಮುದಗಲ್ಲಿನಲ್ಲಿ ಲಿಂಗವಂತರ ಓಣಿಯ ಬಗಲಲ್ಲೇ ಬೆಳೆದವನು. ಇದು ಬಿಡು ಎಂದು ಹೇಳುವ ಮಾತಲ್ಲವೆಂದು ಅವನಿಗೆ ತಿಳಿದಿತ್ತು.

"ದಾರೆಸಲಾಮ್ ಶಹರದಾಗ ನಿಮ್ಮವರ ಗುಡಿ ಅದಾವಂತ."

"ಗುಡಿ ಇದ್ರ ಏನ್ ಮಾಡ್ಲೋ. ಜಂಗಮರು ಬೇಕು. ಮನಿಗೆ ಮಾತ್ರ ಹೇಳಬ್ಯಾಡ, ನನ್ನ ಆಣಿ."

"ಆತು ಬಿಡು," ಎಂದ ರಫೀಕ್. ಆಣೆಯನ್ನು ಅಲ್ಲೇ ಬಿಟ್ಟು ಎಂಜಿನ್ ಮನೆಯ ಹಿಂದೆ ಹೋಗಿ ಶೇಖರಮ್ಮನಿಗೆ ಫೋನು ಮಾಡಿದ.

ಅವಳು ಅಳಲಿಲ್ಲ. ಫೋನನ್ನು ಗಂಡನ ಕೈಗೆ ಕೊಡಿಸಿದಳು.

"ದಿನಾ ಬ್ಯಾಳಿ ಉಂಡೆ ಅಂದ್ರಲ್ಲ, ಯಾವ ಬ್ಯಾಳಿರೀ ಅದು? ಕಂಪನಿಯವರು ಕೊಟ್ಟಿದ್ದೋ, ನೀವ ಬೇಯಿಸಿದ್ದೋ?" ಅಷ್ಟು ಹೇಳಿ ದನಿ ಒಡೆಯಿತು. "ಇರ್ರಿ. ನಾ ಮಸ್ಕಿಗೆ ಹೊಂಟೀನಿ."

ಸಂಜೆಯೊಳಗೆ ಅವಳು ಗುರುಗುಂಡಯ್ಯ ತಾತನವರ ಪಡಸಾಲೆಯಲ್ಲಿದ್ದಳು. ವಿಡಿಯೊದಲ್ಲಿ ಮೊದಲು ಜಂತಿ ಕಂಡಿತು, ಆಮೇಲೆ ವಿಭೂತಿ ಹಚ್ಚಿದ ಹಣೆಯಷ್ಟೇ ಕಂಡಿತು.

"ಯಾರಪ, ಶಿವಕಾಂತೇನು? ಎಲ್ಲಿ ಹೋತೋ ತಮ್ಮಾ?"

"ನೀರಾಗ, ತಾತಾ. ಅಡ್ಡಾಡಾಕ ಹೋಗಿದ್ದೆ. ಕೆಲಸಕ್ಕಲ್ರಿ. ಮೋಜಿಗೆ." ಫೋನನ್ನು ಮುಖದ ಹತ್ತಿರ ತಂದು, "ನೀವು ಅಲ್ಲಿಂದ ಮಂತ್ರ ಹೇಳ್ರಿ ತಾತಾ. ನಾ ಇಲ್ಲೇ ಒಂದು ಕಲ್ಲು..." ಎಂದ.

"ಫೋನಿನ್ಯಾಗ ಲಿಂಗ ಕಟ್ಟಾಕ ಬರಂಗಿಲ್ಲೋ. ಕೈ ಮುಟ್ಟಬೇಕು. ಪಾರ್ಸಲ್ ಮಾಡೋ ಸಾಮಾನೂ ಅಲ್ಲ ಅದು."

"ಹಂಗಾರ ನಾ ಬರೂತನ ಉಣ್ಣಂಗಿಲ್ಲ."

"ನೀ ಬರೂತನ ಉಳದ್ರಲ್ಲ ಬರೂದು!" ಮುದುಕರು ಗದರಿದರು. ಆಮೇಲೆ ದನಿ ಇಳಿಸಿದರು. "ಕೇಳಿಲ್ಲಿ. ಕಟ್ಟಿದವ ನಾನು, ಕಳಕೊಂಡವ ನೀನು. ಇದು ಇಬ್ಬರಿಗೂ ಸೇರಿದ್ದು. ನೀ ಮಿಷಿನ್ ನಡುವ ನಿಲ್ಲವ. ನಾ ಇಲ್ಲಿ ಕುಂತಿರವ. ಇವತ್ತಿನಿಂದ ನೀ ಉಣ್ಣು. ನಿನ್ನ ಉಪವಾಸ ನಾ ಹಿಡಿತೀನಿ. ನೀ ಬಂದು ಅಂಗೈ ಒಡ್ಡಿದ ದಿನ ಕೂಡಿ ಉಣ್ಣೂಣು."

"ತಾತಾ, ಬ್ಯಾಡ್ರಿ! ನಿಮಗ ಎಂಬತ್ತು ದಾಟ್ಯಾವ!"

"ದಾಟಿದ್ದಕ್ಕ ಹೇಳಾಕತ್ತೀನಿ. ಗುರುವಿನ ಮಾತು ಮೀರ್ತೀಯೇನು?"

ಫೋನು ಕತ್ತಲಾಯಿತು.

ರಫೀಕ್ ತಟ್ಟೆ ತಂದಿಟ್ಟ. ಶಿವಕಾಂತ ತುತ್ತು ಮಾಡಿ ಬಾಯಿಗೆ ಹಾಕಿಕೊಂಡ. ಉಪವಾಸವಿದ್ದಾಗ ಇರದಿದ್ದ ಸಂಕಟ ಆ ತುತ್ತಿನಲ್ಲಿತ್ತು. ಇಲ್ಲಿಯತನಕ ಅವನು ತನ್ನ ಹಸಿವನ್ನು ತಾನು ತಿನ್ನುತ್ತಿದ್ದ. ಇನ್ನು ಅವನು ಉಂಡದ್ದೆಲ್ಲ ಮಸ್ಕಿಯ ಮುದುಕರೊಬ್ಬರ ಹೊಟ್ಟೆಯಿಂದ ಹೋಗುವುದು. ಉಣ್ಣದೆ ಬಿಟ್ಟರೆ ಗುರುವಿನ ಮಾತು ಮೀರಿದಂತೆ.

ಊರಿಗೆ ಕಳಿಸಿರೆಂದು ಮ್ಯಾನೇಜರನ ಕಾಲು ಹಿಡಿದ. ತಿರುಗಿ ಹೋಗುವ ಟಿಕೀಟು ಕಂಪನಿಯವರ ಕೈಯಲ್ಲಿತ್ತು. ಈ ಮಿಲ್ಲು ಓಡಲಿ, ಮರುದಿನವೇ ಹೋಗು ಎಂದ ಮ್ಯಾನೇಜರ. ಅವನಿಗೆ ಲಿಂಗವೆಂದರೂ ತಿಳಿಯದು, ಜಂಗಮರೆಂದರೂ ತಿಳಿಯದು. ಶಿವಕಾಂತ ಹಗಲೆಲ್ಲ ಮಿಲ್ಲಿನ ನೆತ್ತಿಯಿಂದ ಬುಡದವರೆಗೆ ಹತ್ತಿ ಇಳಿದ. ರಫೀಕ್ ತನ್ನದಲ್ಲದ ಕೆಲಸಕ್ಕೂ ಹೆಗಲು ಕೊಟ್ಟ. ಎಲ್ಲ ಮುಗಿಯಿತೆನ್ನುವಾಗ ಬೇರಿಂಗಿನ ಪೆಟ್ಟಿಗೆ ಬಂದಿರಲಿಲ್ಲ. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎನ್ನುತ್ತಿದ್ದರು. ಅವನು ಊರ ಹೊರಗಿನ ರಸ್ತೆಗೆ ಹೋಗಿ ಲಾರಿಯ ದಾರಿ ಕಾಯುತ್ತ ನಿಲ್ಲುತ್ತಿದ್ದ.

ದಿನಾ ಮಸ್ಕಿಗೆ ಫೋನು ಮಾಡುತ್ತಿದ್ದ. ತಾತನವರ ಸೊಸೆ ಶಿವರಂಜನಿ ಎತ್ತುತ್ತಿದ್ದಳು.

"ಬರೀ ಹಾಲು ಕುಡಿಯಾಕತ್ಯಾರ. ನೀವು ಯಾವಾಗ ಬರ್ತೀರಿ?"

ಮರುದಿನ, "ಲಿಂಗಸುಗೂರಿನಿಂದ ಡಾಕ್ಟರ್ನ ಕರಸಿದ್ವಿ. ಸಲಾಯಿನ್ ಹಚ್ಚಗೊಡವಲ್ರು. ಅದೂ ಊಟದ ಲೆಕ್ಕನ ಅಂತಾರ."

ಅದರ ಮರುದಿನ ಅವಳ ದನಿಯಲ್ಲಿ ಸಿಟ್ಟೂ ಉಳಿದಿರಲಿಲ್ಲ. "ಹಾಲೂ ಹೊಟ್ಯಾಗ ನಿಲ್ಲವಲ್ತುರೀ."

ಪೆಟ್ಟಿಗೆ ಬಂತು. ಮಿಲ್ಲು ಓಡಿತು. ಅಕ್ಕಿ ಬೆಳ್ಳಗೆ ಸುರಿಯತೊಡಗಿದಾಗ ಅಲ್ಲಿಯ ಹೆಂಗಸರು ಬೊಗಸೆಯಲ್ಲಿ ಹಿಡಿದು ಕೂಗಿ ಕುಣಿದರು. ಶಿವಕಾಂತ ಆಗಲೇ ಬಸ್‌ಸ್ಟ್ಯಾಂಡಿನ ದಾರಿ ಹಿಡಿದಿದ್ದ. ರಫೀಕ್ ಅವನ ಚೀಲ ಹೊತ್ತು ಬೆನ್ನ ಹಿಂದೆ ಓಡುತ್ತಿದ್ದ.

ವಿಮಾನದಲ್ಲಿ ಅವನು ಕಿಟಕಿಯಾಚೆ ನೋಡಲಿಲ್ಲ. ಮುಂಬಯಿಯಿಂದ ರಾಯಚೂರಿಗೆ ರೈಲು, ರಾಯಚೂರಿನಿಂದ ಬಸ್ಸು. ಸಿಂಧನೂರಿನಲ್ಲಿ ಶೇಖರಮ್ಮ ಅದೇ ಬಸ್ಸು ಹತ್ತಿ ಅವನ ಪಕ್ಕ ಕೂತಳು. ಅವನ ಸೊರಗಿದ ಮುಖ ನೋಡಿ ಸೆರಗಿನಿಂದ ಬೆವರೊರೆಸಿದಳು.

"ತಾತಾರು?" ಎಂದ.

"ಅದಾರ."

ಮಸ್ಕಿ ಬಂದೊಡನೆ ಅವನು ಎಲ್ಲರಿಗಿಂತ ಮೊದಲು ಇಳಿದ.

ಪಡಸಾಲೆಯ ಮಂಚದ ಮೇಲೆ ಗುರುಗುಂಡಯ್ಯನವರು ಮಲಗಿದ್ದರು. ದೇಹ ಹಾಸಿಗೆಗೆ ಅಂಟಿಹೋಗಿತ್ತು. ಶಿವರಂಜನಿ ಬಾಗಿಲಲ್ಲಿ ನಿಂತು ಅವನನ್ನೊಮ್ಮೆ ನೋಡಿದಳು, ಒಳಗೆ ಬರ್ರಿ ಎನ್ನಲಿಲ್ಲ. ತಾತನವರು ಕಣ್ತೆರೆದು, "ಮೈ ತೊಳಕೊಂಡು ಬಾ" ಎಂದರು. ಅವನು ಮೈ ತೊಳೆದು ಬರುವಷ್ಟರಲ್ಲಿ ಶಿವರಂಜನಿ, ಶೇಖರಮ್ಮ ಕೂಡಿ ಅವರನ್ನು ಎತ್ತಿ ಗೋಡೆಗೆ ಒರಗಿಸಿ ಕೂಡಿಸಿದರು. ತಾತನವರು ಹೊಸ ಲಿಂಗವನ್ನು ಶಿವಕಾಂತನ ಅಂಗೈಯಲ್ಲಿಟ್ಟು ಮಂತ್ರ ಹೇಳಿದರು. ದನಿ ನಡುನಡುವೆ ನಿಲ್ಲುತ್ತಿತ್ತು, ಮಂತ್ರ ಮಾತ್ರ ಒಂದಕ್ಷರವೂ ತಪ್ಪಲಿಲ್ಲ. ದಾರ ಕಟ್ಟುವಾಗ ಬೆರಳು ಕೂಡಲಿಲ್ಲ. ಎರಡು ಸಲ ಗಂಟು ಬಿಚ್ಚಿಹೋಯಿತು. ಶಿವಕಾಂತ ತನ್ನ ಕೈಯನ್ನು ಅವರ ಕೈಗೆ ಆಸರೆಯಾಗಿ ಹಿಡಿದ. ಮೂರನೆಯ ಸಲ ಗಂಟು ಬಿತ್ತು.

ಶಿವರಂಜನಿ ಗಂಜಿ ತಂದಳು. ತಾತನವರು ಎರಡು ಗುಟುಕು ಕುಡಿದು ಬಟ್ಟಲು ಸರಿಸಿದರು.

"ಇನ್ನೊಂದೀಟು ಕುಡೀರಿ ತಾತಾ."

"ಕುಡಿತೀನಿ ತಡಿ. ಆ ಕೆರಿ ಎಷ್ಟು ದೊಡ್ಡದೋ?"

ಶಿವಕಾಂತ ಬಟ್ಟಲನ್ನು ಮತ್ತೆ ಅವರ ತುಟಿಗೆ ಹಿಡಿದ.

"ಹೇಳಪಾ. ಅಷ್ಟು ದೂರ ಹೋಗಿ ನೋಡಿದವ ನೀನು. ನಾ ಯಾವಾಗ ನೋಡ್ಲಿ?"

ಅವನು ತಡೆತಡೆದು ಹೇಳತೊಡಗಿದ. ಈ ದಂಡೆಯಲ್ಲಿ ನಿಂತರೆ ಆ ದಂಡೆ ಕಾಣುವುದಿಲ್ಲ, ತಾತಾ. ಮಸ್ಕಿಯ ಗುಡ್ಡದಂಥದೇ ಕಲ್ಲು. ಅದರ ಮೇಲೆ ಬಿಳಿ ಕೊಕ್ಕರೆಗಳು ಸಾಲಾಗಿ ಕೂತಿರುತ್ತವೆ. ಹಾಯಿ ಕಟ್ಟಿದ ದೋಣಿಗಳು ಬೆಳಗಿನಲ್ಲಿ ಒಟ್ಟಿಗೇ ಹೊರಡುತ್ತವೆ. ತಾತನವರು ಹೂಂ ಎನ್ನುತ್ತಿದ್ದರು. ಸ್ವಲ್ಪ ಹೊತ್ತಿಗೆ ಹೂಂಗುಟ್ಟುವುದು ನಿಂತಿತು. ಶಿವಕಾಂತ ಮಾತು ನಿಲ್ಲಿಸಿ ಬಗ್ಗಿ ನೋಡಿದ. ಧೋತರದ ಸೆರಗಿನ ಕೆಳಗೆ ಎದೆ ಸಣ್ಣಗೆ ಏರುತ್ತಿತ್ತು, ಬಹಳ ಹೊತ್ತಿನ ಮೇಲೆ ಇಳಿಯುತ್ತಿತ್ತು. ಮತ್ತೆ ಏರುವತನಕ ಅವನ ಉಸಿರೂ ನಿಂತಿರುತ್ತಿತ್ತು.

ಒಳಗೆ ತಟ್ಟೆ ಇಟ್ಟ ಸದ್ದಾಯಿತು. ಶಿವರಂಜನಿ ಬಾಗಿಲಿಗೆ ಬಂದು ಮೊದಲ ಸಲ ಮೆತ್ತಗೆ ಮಾತಾಡಿದಳು.

"ಏಳ್ರಿ ಅಣ್ಣಾರ, ಉಣ್ಣಾಕ ಬರ್ರಿ. ಎಲ್ಲಾ ಮುಗೀತಲ್ಲ."

ಶಿವಕಾಂತ ಮಂಚದ ಕಾಲು ಹಿಡಿದು ಕೂತಿದ್ದವನು ಏಳಲಿಲ್ಲ.

"ತಾತಾರು ಏಳ್ಲಿ, ತಂಗಿ. ಕೂಡಿ ಉಣ್ಣೂಣು ಅಂದಾರ."