ಹೊಟ್ಟೆನೋವಿನ ಹುಡುಗಿ

ನರ್ಸಿಂಗ್ ಓದುವ ಆ ಹುಡುಗಿಗೆ ಗೆಳತಿಯರಿಟ್ಟ ಹೆಸರು ‘ಹೊಟ್ಟೆನೋವು’. ‘ಹೊಟ್ಟೆನೋವು ಬಂತು, ಜಾಗ ಬಿಡ್ರೇ’ ಎಂದರೆ ಅವಳೂ ನಕ್ಕು ಕೂರುತ್ತಿದ್ದಳು. ಕ್ಲಾಸು ತಪ್ಪಿಸಿದಾಗಲೆಲ್ಲ ಅವಳು ಹೇಳುತ್ತಿದ್ದುದು ಅದೊಂದೇ ಕಾರಣ. ಪುಸ್ತಕದಲ್ಲಿರುವ ಹೊಟ್ಟೆನೋವುಗಳೆಲ್ಲ ಮುಗಿದು, ಇಲ್ಲದವೂ ಅವಳಿಗೆ ಬಂದುಹೋಗಿದ್ದವು. ವಾರ್ಡಿಗೆ ಬಂದ ದಿನ ಅವಳು ಹಾಸಿದ ಹಾಸಿಗೆಯಲ್ಲಿ ಸುಕ್ಕು ಹುಡುಕಿ ಹಿರಿಯ ನರ್ಸುಗಳೇ ಸೋಲುತ್ತಿದ್ದರು. ಬಾರದ ದಿನ ಮನಸ್ಸು ಕುಸಿದು, ಹಾಸ್ಟೆಲಿನ ಗೋಡೆಗೆ ಮುಖಮಾಡಿ ಮಲಗಿದವಳಿಗೆ ತಲೆ ಬಾಚಲೂ ಕೈ ಏಳುತ್ತಿರಲಿಲ್ಲ. ಹೇಳಿಕೊಂಡರೆ, ‘ನಿನ್ನನ್ನೇ ನೋಡಿಕೊಳ್ಳಲಾರದವಳು ರೋಗಿಗಳನ್ನೇನು ನೋಡ್ಕೋತೀಯೆ’ ಎಂದು ಮನೆಗೆ ಕಳಿಸಿಬಿಟ್ಟಾರೆಂಬ ಭಯ. ಇನ್ನೊಮ್ಮೆ ತಪ್ಪಿಸಿದರೆ ಪರೀಕ್ಷೆಗೆ ಕೂರಿಸುವುದಿಲ್ಲವೆಂದು ಕಾಲೇಜಿನ ಮೇಡಂ ಎಚ್ಚರಿಸಿಯೂ ಆಗಿತ್ತು. ಒಂದು ಬೆಳಿಗ್ಗೆ ವಾರ್ಡಿನಲ್ಲಿ ಮುದುಕಿಯೊಬ್ಬಳು ಗೋಡೆಯತ್ತ ತಿರುಗಿ, ‘ಹೊಟ್ಟೆನೋವು ಕಣಮ್ಮ’ ಎಂದಳು. ಹುಡುಗಿ ಅವಳ ಹೊಟ್ಟೆ ಒತ್ತಿ ನೋಡಿದಳು; ಎಲ್ಲಿ ಒತ್ತಿದರೂ ಮುದುಕಿ ನೋವೆನ್ನಲಿಲ್ಲ. ಆಮೇಲೆ ಸ್ಟೂಲು ಎಳೆದು ಕೂತು, ‘ಹೊಟ್ಟೆ ಇರಲಿ ಅಜ್ಜಿ, ಬೇರೆ ಏನು ನೋಯ್ತಿದೆ?’ ಎಂದು ಮೆಲ್ಲಗೆ ಕೇಳಿದಳು. ಮುದುಕಿ ಬಿಕ್ಕಿ ಬಿಕ್ಕಿ ಅತ್ತಳು. ಹಿಂದೆಯೇ ನಿಂತಿದ್ದ ಮೇಡಂ ಹುಡುಗಿಯನ್ನು ಹೊರಗೆ ಕರೆದರು. ‘ಹೊಟ್ಟೆನೋವಿಗೆ ಕೊಡೋ ರಜೆ ಮುಗೀತು. ನಿಂಗೆ ಬೇರೆ ಏನು ನೋಯ್ತಿದೆ ಹೇಳು, ಅದಕ್ಕೂ ರಜೆ ಇದೆ.’ ಅಭ್ಯಾಸಬಲದಿಂದ ಹುಡುಗಿಯ ಕೈ ಆಗಲೇ ಹೊಟ್ಟೆಗೆ ಹೋಗಿತ್ತು. ಅದನ್ನು ತೆಗೆದು ಅವಳು ಮಾತು ಶುರುಮಾಡಿದಳು.