ಹಲ್ಲು ಮೇಸ್ತ್ರಿಯ ಬೆಚ್ಚಗಿನ ಕಂಪ್ಯೂಟರ್

ನಮ್ಮ ಬೀದಿಯಲ್ಲಿ ಎಲ್ಲರೂ ಅವರನ್ನು ಹಲ್ಲು ಮೇಸ್ತ್ರಿ ಎನ್ನುತ್ತಾರೆ. ದಂತವೈದ್ಯರು ಬಾಯಿಯ ಅಳತೆ ಕಳಿಸಿದರೆ ಅದಕ್ಕೆ ಹೊಂದುವ ಹಲ್ಲು ಮಾಡಿಕೊಡುವುದು ಅವರ ಕಸುಬು. ಊರಿನ ಅರ್ಧ ಜನ ಅವರು ಮಾಡಿಕೊಟ್ಟ ಹಲ್ಲು ತೋರಿಸಿಕೊಂಡೇ ಅವರನ್ನು ನೋಡಿ ನಗುತ್ತಾರೆ.

ನಗುವುದಕ್ಕೆ ಕಾರಣವಿದೆ. ಮೇಸ್ತ್ರಿಗೆ ಅನುಮಾನ ಜಾಸ್ತಿ. ತರಕಾರಿಯವನು ತೂಗುವಾಗ ಬಗ್ಗಿ ತಕ್ಕಡಿಯ ಅಡಿ ನೋಡುತ್ತಾರೆ. ಕೊರಿಯರ್ ಬಂದರೆ ಲಕೋಟೆಯ ಅಂಟನ್ನು ಬೆಳಕಿಗೆ ಹಿಡಿಯುತ್ತಾರೆ. ನಾನು ಕಚೇರಿಗಳು ಬಿಸಾಡಿದ ಕುರ್ಚಿ, ಕಪಾಟು, ಕಂಪ್ಯೂಟರ್ ಮಾರುವವನು. ಅನುಮಾನ ಪಡುವ ಗಿರಾಕಿ ನನಗೆ ಹೊಸಬನಲ್ಲ. ಪಡದವನು ಬಂದರೆ ನನಗೇ ಅನುಮಾನ.

ಈಗೀಗ ಹಲ್ಲನ್ನು ಮೊದಲು ಕಂಪ್ಯೂಟರಿನಲ್ಲೇ ತಿದ್ದಿ ತೀಡಬೇಕು. ಅದಕ್ಕೆಂದು ಮೇಸ್ತ್ರಿ ಭಾರೀ ಶಕ್ತಿಯ ಕಂಪ್ಯೂಟರೊಂದನ್ನು ತಂದು ಹಿಂದಿನ ಕೋಣೆಯಲ್ಲಿಟ್ಟರು. ಇಪ್ಪತ್ತೆರಡು ವರ್ಷ ಕೂಡಿಟ್ಟ ಹಲ್ಲಿನ ಅಚ್ಚುಗಳನ್ನೆಲ್ಲ ಸ್ಕ್ಯಾನ್ ಮಾಡಿ ಅದರೊಳಗೆ ತುಂಬಿದರು. ಆದರೆ ಅದರ ಫ್ಯಾನಿನ ಗದ್ದಲದ ಪಕ್ಕ ಕೂರಲಾಗದು. ಮುಂದಿನ ಕೋಣೆಯಲ್ಲಿ ಕೂತೇ ಕೆಲಸ ಆಗಬೇಕು, ಬೇಕೆನಿಸಿದರೆ ಮಂಚದ ಪಕ್ಕದಲ್ಲೂ. ಮುಂದಿನ ಕೋಣೆಗೊಂದು, ಮಂಚದ ಪಕ್ಕಕ್ಕೊಂದು ಎಂದು ನಾನು ಎರಡು ಥಿನ್ ಕ್ಲೈಂಟ್ ಡಬ್ಬಿ ತೋರಿಸಿದೆ, ದೊಡ್ಡ ಕಂಪ್ಯೂಟರಿನ ಕೆಲಸವನ್ನು ದೂರದ ಪರದೆಗೆ ತರುವಂಥವು.

“ಇದೇನ್ರೀ ಸಾಹುಕಾರ್ರೇ, ಇಷ್ಟು ಹಗುರ! ಒಳಗೆ ಏನಾದ್ರೂ ಇದೆಯಾ?”

“ಹೆಚ್ಚೇನಿಲ್ಲ, ಅದಕ್ಕೇ ಅಗ್ಗ. ಕೆಲಸ ಎಲ್ಲ ಹಿಂದಿನ ಕೋಣೇದು ಮಾಡುತ್ತೆ. ಇದು ಬರೀ ತೋರಿಸುತ್ತೆ.”

“ಏನೂ ಇಲ್ಲದ್ದನ್ನ ಮಾರೋ ಧೈರ್ಯ ನಿಮಗೊಬ್ಬರಿಗೇ ಬಿಡಿ.”

ಒಂದು ತಿಂಗಳು ಸುಸೂತ್ರವಾಗಿ ನಡೆಯಿತು. ಒಂದು ಬೆಳಿಗ್ಗೆ ಧೂಳು ಒರೆಸಲು ಹೋದ ಮೇಸ್ತ್ರಿ ದೊಡ್ಡ ಕಂಪ್ಯೂಟರಿನ ಮೇಲೆ ಮೊದಲ ಸಲ ಕೈ ಇಟ್ಟರು. ಬೆಚ್ಚಗಿತ್ತು. ಡಬ್ಬಿಗಳನ್ನು ಹಿಂದಿನ ಸಂಜೆ ತಾವೇ ಆರಿಸಿದ್ದರು! ಮರುದಿನವೂ ಬೆಚ್ಚಗೆ. ರಾತ್ರಿ ಯಾರೋ ಇದನ್ನು ನಡೆಸುತ್ತಿದ್ದಾರೆ ಎಂದುಕೊಂಡರು. ಅದೇ ವಾರ ದಂತವೈದ್ಯೆಯೊಬ್ಬರು ಮಾತಿಗೆ, “ಪಕ್ಕದ ಬೀದಿ ಲ್ಯಾಬಿನವರ ದವಡೆ ಹಲ್ಲು ಈಚೆಗೆ ನಿಮ್ಮದರ ಥರಾನೇ ಇರುತ್ತೆ” ಅಂದುಬಿಟ್ಟರು.

ಮನೆಯಲ್ಲಿ ಇರುವುದೇ ಮೂವರು: ಮೇಸ್ತ್ರಿ, ಹೆಂಡತಿ, ಹೆಂಡತಿಯ ತಮ್ಮ. ಹಲ್ಲಿಗೆ ಹೊಳಪು ಕೊಡುವುದು ಆ ಭಾವಮೈದುನನ ಕೆಲಸ. ಅವನ ಕೈ ಆಡದಿದ್ದರೆ ಮೇಸ್ತ್ರಿಯ ಹಲ್ಲು ಬರೀ ಸುಣ್ಣದ ಚೂರು. ಊಟಕ್ಕೆ ಕೂತಾಗ ಮೇಸ್ತ್ರಿ ಕೇಳಿದರು:

“ನಾನು ಏಳೋಕೆ ಮೊದಲೇ ಯಾರಿಗೋ ಕಳಿಸ್ತೀಯ?”

“ಏನನ್ನ ಭಾವ?”

“ನನ್ನ ಹಲ್ಲು.”

“ನಿಮ್ಮ ಹಲ್ಲು ನಿಮ್ಮ ಬಾಯಲ್ಲೇ ಇದೆಯಲ್ಲ!”

ಮೇಸ್ತ್ರಿ ನಗಲಿಲ್ಲ. ಅವನಿಗೆ ಆಗ ಅರ್ಥವಾಯಿತು. ಅರ್ಧ ಊಟದಲ್ಲೇ ಕೈ ತೊಳೆದು, ತನ್ನ ಬ್ರಷ್ಷುಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಗೆಳೆಯನ ಕೋಣೆಗೆ ಹೊರಟುಹೋದ. ಹೆಂಡತಿ ಅಂದಿನಿಂದ ಅನ್ನ ಬಡಿಸಿದಳು, ಮಾತು ಬಡಿಸಲಿಲ್ಲ. ಹೊಳಪಿಲ್ಲದ ಹಲ್ಲುಗಳು ತಟ್ಟೆ ತುಂಬಿದವು. ವೈದ್ಯರ ಫೋನು ನಿಲ್ಲಲಿಲ್ಲ. ಎಂಟನೆಯ ದಿನ ಮೇಸ್ತ್ರಿ ನನ್ನ ಅಂಗಡಿಗೆ ಬಂದರು.

“ಅವನು ಹೋದ್ಮೇಲೂ ಬೆಚ್ಚಗಿದೆ. ನಿಮ್ಮ ಡಬ್ಬೀಲೇ ಏನೋ ಕಳ್ಳದಾರಿ ಇದೆ. ನೀವೂ ಅವನೂ ಸೇರ್ಕೊಂಡು…”

“ನಡೀರಿ, ನೋಡೇಬಿಡೋಣ.”

ದಿನಾ ಹೇಗೆ ಆರಿಸುತ್ತೀರಿ ಎಂದೆ. ಮುಂದಿನ ಕೋಣೆಯ ಡಬ್ಬಿಯ ಗುಂಡಿ ಒತ್ತಿದರು, ಗೋಡೆಯ ಸ್ವಿಚ್ ಆರಿಸಿದರು, ಸಾಲದ್ದಕ್ಕೆ ಪ್ಲಗ್ಗನ್ನೂ ಕಿತ್ತು, ಇನ್ನೇನು ಬೇಕು ಎನ್ನುವವರ ಹಾಗೆ ನನ್ನ ಮುಖ ನೋಡಿದರು. ನಾನು ಅವರನ್ನು ಕರೆದುಕೊಂಡು ಹೋಗಿ ಮಂಚದ ಪಕ್ಕದ ಡಬ್ಬಿ ಹಚ್ಚಿದೆ. ಮುಂದಿನ ಕೋಣೆಯಲ್ಲಿ ಅವರು ಆಗಷ್ಟೇ ಬಿಟ್ಟುಬಂದ ದವಡೆ ಹಲ್ಲು ಪರದೆಯ ಮೇಲೆ ನಿಧಾನವಾಗಿ ಸುತ್ತುತ್ತಿತ್ತು.

“ಯಾರ್ರೀ ತೆಗೆದಿದ್ದು ಇದನ್ನ?”

“ನೀವೇ. ಡಬ್ಬಿ ಆರಿಸಿದ್ರಿ, ಕೆಲಸ ಮುಚ್ಚಲಿಲ್ಲ. ಹಲ್ಲು ಹಿಂದಿನ ಕೋಣೇಲಿ ಹಗಲೂ ರಾತ್ರಿ ತಿರುಗ್ತಾ ಇದ್ರೆ ಬಿಸಿ ಆಗದೆ ಇರುತ್ತಾ?”

ಸಂಜೆಯ ಕೆಲಸ ಬೆಳಿಗ್ಗೆ ಬಿಟ್ಟಲ್ಲೇ ಸಿಗುವುದನ್ನು ಅವರು ಡಬ್ಬಿಯ ಜ್ಞಾಪಕಶಕ್ತಿ ಎಂದುಕೊಂಡಿದ್ದರಂತೆ. ಯಾರು ಯಾವಾಗ ಒಳಬಂದರೆಂಬ ಪಟ್ಟಿ ತೆರೆದೆ. ಒಂದೇ ಹೆಸರು. ಬಂದು ನಲವತ್ತೊಂದು ದಿನ, ಹೊರಹೋದದ್ದೇ ಇಲ್ಲ.

“ಕಳ್ಳನ ಹೆಸರು ಓದಿ ಮೇಸ್ತ್ರಿ.”

“ಸ್ವಲ್ಪ ಜೋರಾಗಿ ಓದ್ರಿ, ನಂಗೂ ಕೇಳಿಸಲಿ!” ಬಾಗಿಲಲ್ಲಿ ನಿಂತಿದ್ದ ಹೆಂಡತಿ ಎಂಟು ದಿನದ ಮೇಲೆ ಬಾಯಿ ಬಿಟ್ಟಳು.

“ಆದ್ರೆ ಪಕ್ಕದ ಬೀದಿಯವನ ಹಲ್ಲು?” ಎಂದರು ಮೇಸ್ತ್ರಿ.

“ದವಡೆ ಹಲ್ಲು ದವಡೆ ಹಲ್ಲಿನ ಥರ ಇರದೆ ಹೆಬ್ಬೆರಳಿನ ಥರ ಇರುತ್ತಾ?” ಎಂದೆ.

ಅಂದೇ ಗಂಡಹೆಂಡತಿ ಅವನ ಕೋಣೆಗೆ ಹೋದರು, ಸಾಕ್ಷಿಗೆ ನಾನು. ಪಕ್ಕದ ಬೀದಿ ಲ್ಯಾಬಿನವರು ಆಗಲೇ ಅವನನ್ನು ಕೆಲಸಕ್ಕೆ ಕರೆದಿದ್ದರು, ಅವನಿನ್ನೂ ಹೂಂ ಅಂದಿರಲಿಲ್ಲ. ಮೇಸ್ತ್ರಿ ಎಲ್ಲವನ್ನೂ ನೆಲ ನೋಡಿಕೊಂಡೇ ಹೇಳಿದರು.

“ಬರ್ತೀನಿ ಭಾವ. ಆದ್ರೆ ಆ ಕಂಪ್ಯೂಟರಲ್ಲಿ ನಂಗೆ ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಬೇಕು. ನಾನು ಬಂದದ್ದು ಹೋದದ್ದು ಅದರಲ್ಲೇ ದಾಖಲಾಗಲಿ.”

“ಬೇರೆ ಯಾಕೋ? ಮುಚ್ಚಿಡೋದು ಏನಿದೆ ನಿಂಗೆ?”

ಅವನು ಬಾಗಿಲು ಮುಚ್ಚಲು ಚಿಲಕಕ್ಕೆ ಕೈ ಹಾಕಿದ. ಹೆಂಡತಿ ಗಂಡನ ಕಡೆ ತಿರುಗಿ, “ಒಳಗೆ ತಮ್ಮ ಒಬ್ಬನೇ ಇರಲ್ಲ, ನಾನೂ ಇರ್ತೀನಿ ಇಲ್ಲೇ” ಎಂದಳು. ಮೇಸ್ತ್ರಿ ಬಾಗಿಲಿಗೆ ಕೈ ಅಡ್ಡ ಹಿಡಿದರು.

“ಆಯ್ತು, ತಗೋ ಮಾರಾಯ.”

ಮರುದಿನ ನಾನೇ ಹೋಗಿ ಹೊಸ ಹೆಸರು ಸೇರಿಸಿದೆ. ಅವನು ಮುಂದಿನ ಕೋಣೆಗೆ ಹೋದದ್ದೇ ತಡ, ಮೇಸ್ತ್ರಿ ನನ್ನ ಕಿವಿಯ ಬಳಿ ಬಗ್ಗಿದರು. “ಅವನು ಒಳಗೆ ಏನ್ ಮಾಡ್ತಾನೆ ಅಂತ ನಂಗೆ ಕಾಣೋ ಹಾಗೆ ಮಾಡಬಹುದಾ?”

“ಮಾಡಬಹುದು. ನೀವು ನೋಡ್ತಿದ್ದೀರಿ ಅಂತ ಅವನಿಗೂ ಕಾಣುತ್ತೆ.”

ಮೇಸ್ತ್ರಿ ಮುಂದಿನ ಕೋಣೆಯ ಕಡೆ ಇಣುಕಿ ನೋಡಿದರು. ಆಚೆ ಹೊಳಪು ಕೊಡುವ ಯಂತ್ರ ಗುಂಯ್ ಎನ್ನತೊಡಗಿತ್ತು. “ಹಾಗಾದ್ರೆ ಬೇಡ ಬಿಡಿ” ಎಂದು, ಹಲ್ಲಿನ ತಟ್ಟೆ ಎತ್ತಿಕೊಂಡು ಅವನ ಕಡೆಗೆ ನಡೆದರು.