ಗವಿ ಮಂದಿಯ ಉಡಿ

ಬೂದಿಯಲ್ಲಿ ಸುಟ್ಟ ಗೆಣಸಿನ ವಾಸನೆ ಬಂದರೆ ನಾನು ನಿಂತುಬಿಡುತ್ತೇನೆ. ಹೋದ ಚಳಿಗಾಲದಲ್ಲಿ ಹಳಿಯಾಳದ ಬಸ್ ನಿಲ್ದಾಣದ ಹೊರಗೆ ಹಾಗೇ ನಿಂತು, ಮುಂಡಗೋಡದ ಬಸ್ಸು ತಪ್ಪಿಸಿಕೊಂಡೆ. ಆ ವಾಸನೆಯ ಬೆನ್ನಿಗೇ ದಾಂಡೇಲಿಯ ನಮ್ಮ ಹಳೆಯ ಮನೆ ಬರುತ್ತದೆ: ಕಾಗದದ ಗಿರಣಿಯಲ್ಲಿ ಬೇಯುವ ಬಿದಿರಿನ ನಾತ, ಅಜ್ಜಿ ರೊಟ್ಟಿ ಬಡಿಯುವ ಸಪ್ಪಳ, ಒಲೆಯ ಬೆಳಕಿನಲ್ಲಿ ಕೂತು ಓದುವ ರತ್ನಕ್ಕನ ದನಿ. ಇದರಲ್ಲಿ ಎಷ್ಟು ನಿಜ, ಎಷ್ಟು ಆಮೇಲೆ ನಾನೇ ಸೇರಿಸಿದ್ದು ಎಂದು ಕೇಳಿದರೆ ಆಣೆ ಮಾಡಿ ಹೇಳಲಾರೆ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವನು ನಾನು. ಒಬ್ಬನೇ ಸಾಕ್ಷಿಯ ಮಾತು ನಂಬಬಾರದು ಎಂದು ಕಲಿತಿದ್ದೇನೆ. ಇಲ್ಲಿ ಆ ಸಾಕ್ಷಿ ನಾನೇ.

ರತ್ನಕ್ಕ ನಮ್ಮ ರಕ್ತದವಳಲ್ಲ. ಜೋಯಿಡಾ ಕಡೆಯವಳು, ಮನೆಮಾತು ಕೊಂಕಣಿ. ಗಿರಣಿಗೆ ಬಿದಿರು ಕಡಿಯುತ್ತಿದ್ದ ಅವಳಪ್ಪ ಜ್ವರ ಬಂದು ತೀರಿಕೊಂಡಾಗ, ತಾಯಿಯೂ ಇರದ ಆ ಹುಡುಗಿಯನ್ನು ಅಜ್ಜಿ ಕೈಹಿಡಿದು ಮನೆಗೆ ಕರೆತಂದಳಂತೆ. ನನಗೆ ಬುದ್ಧಿ ಬರುವ ಹೊತ್ತಿಗೆ ಅವಳ ಮಾತು ಪೂರಾ ನಮ್ಮದೇ ಆಗಿತ್ತು. ನಿದ್ದೆಯಲ್ಲಿ ಕನವರಿಸುವಾಗ ಮಾತ್ರ ಕೊಂಕಣಿ. ಅಪ್ಪ ಗಿರಣಿಯಿಂದ ತರುತ್ತಿದ್ದ, ಅಂಚು ಸೊಟ್ಟಾದ ಕಾಗದಗಳ ಮೇಲೆ ಅವಳು ಒಂದು ಕಾದಂಬರಿ ಬರೆಯುತ್ತಿದ್ದಳು. ಯಾವುದೋ ವಾರಪತ್ರಿಕೆಯಲ್ಲಿ ನಿಯಾಂಡರ್ಥಾಲ್ ಮಾನವರ ಬಗ್ಗೆ ಓದಿದ್ದಳು: ದಪ್ಪ ಹುಬ್ಬಿನ, ಗವಿಯಲ್ಲಿ ಬಾಳಿದ, ನಮ್ಮಂತೆಯೇ ಇದ್ದೂ ನಾವಲ್ಲದ ಜನ. ಅವಳ ಕತೆಯಲ್ಲಿ ನಮ್ಮ ಕುಲದ ಹುಡುಗಿಯೊಬ್ಬಳು ಹೊಳೆಯಲ್ಲಿ ತೇಲಿಬಂದು ಅವರ ಗವಿ ಸೇರುತ್ತಾಳೆ. ಅಲ್ಲಿಯ ಮುದುಕಿಯೊಬ್ಬಳು ಅವಳನ್ನು ಸಾಕುತ್ತಾಳೆ.

ಬರೆದಷ್ಟನ್ನು ಸಂಜೆ ಅಡಿಗೆಮನೆಯಲ್ಲಿ ಓದುತ್ತಿದ್ದಳು. ಅಕ್ಷರ ಬಾರದ ಅಜ್ಜಿಗೆ ಈ ಗವಿ ಮಂದಿ ಪಕ್ಕದ ಓಣಿಯವರಷ್ಟೇ ಖರೆ. "ಆ ಮುದುಕಿ ಹುಡುಗಿ ತಲಿಗೆ ಎಣ್ಣಿ ಹಚ್ಚತಾಳೋ ಇಲ್ಲೋ?" ಎಂದು ನಡುವೆ ಕೇಳುತ್ತಿದ್ದಳು. "ಎಣ್ಣಿ ಎಲ್ಲಿಂದ ಬರಬೇಕು ಅಜ್ಜಿ, ಆಗ ಗಾಣ ಇರಲಿಲ್ಲ." "ಕರಡಿ ಕೊಬ್ಬ ಇರ್ತೈತಲ್ಲ? ಹಚ್ಚಿದಳು ಅಂತ ಬರಿ." ಪಡಸಾಲೆಯಿಂದ ಅಪ್ಪ, "ಏನವಾ ರತ್ನಾ, ಗವಿ ಮಂದಿ ಅಂದ್ರ ನಾವೇ ಏನು?" ಎಂದು ಕೆಣಕಿದರೆ ಅವಳು, "ಹುಬ್ಬು ಒಮ್ಮೆ ಕನ್ನಡ್ಯಾಗ ನೋಡ್ಕೋರಿ, ಕಾಕಾ" ಅನ್ನುತ್ತಿದ್ದಳು. ಅಜ್ಜಿ ರೊಟ್ಟಿ ಬಡಿಯುವುದನ್ನು ಬಿಟ್ಟು ನಗುತ್ತಿದ್ದಳು.

ಜಗಳವಾದದ್ದು ಕತೆಯ ಕೊನೆಗೆ. ಬೆಳೆದ ಹುಡುಗಿ ತನ್ನ ಕುಲದವರನ್ನು ಹುಡುಕಿಕೊಂಡು ಹೊರಡುತ್ತಾಳೆ. ಮುದುಕಿ ಗವಿಯ ಬಾಯಲ್ಲಿ ನಿಂತು ನೋಡುತ್ತಾಳೆ. "ಬರೇ ನೋಡತಾಳ? ಉಡಿ ತುಂಬಂಗಿಲ್ಲ?" ಎಂದಳು ಅಜ್ಜಿ. ಹೊರಟ ಮಗಳ ಸೆರಗಿಗೆ ಅಕ್ಕಿ, ಕಾಯಿ, ಕುಬಸದ ಕಣ ಹಾಕಿ ಕಳಿಸದ ಮನೆ ಅವಳ ಪಾಲಿಗೆ ಮನೆಯೇ ಅಲ್ಲ. "ಅಕ್ಕಿನೇ ಇರಲಿಲ್ಲ ಅಜ್ಜಿ." "ಏನಿತ್ತೋ ಅದನ್ನ ತುಂಬಲಿ. ಇಲ್ಲಾಂದ್ರ ಸಾಕಿದ್ದು ಸುಳ್ಳ ಆಗತೈತಿ." ರತ್ನಕ್ಕ ಆ ಹಾಳೆ ಹರಿದು ಮತ್ತೆ ಬರೆದಳು: ಮುದುಕಿ ಕೆಂಡದೊಳಗಿನಿಂದ ಗೆಣಸು ತೆಗೆದು, ಹುಡುಗಿ ಹೊದ್ದ ತೊಗಲಿನ ಮಡಿಕೆಗೆ ಹಾಕುತ್ತಾಳೆ. ಗೆಣಸು ಈ ದೇಶಕ್ಕೆ ಬಂದದ್ದೇ ಪೋರ್ಚುಗೀಸರ ಜೊತೆ, ಗವಿ ಮಂದಿಯ ಎಲುಬು ನಮ್ಮ ಕಡೆ ಎಲ್ಲೂ ಸಿಕ್ಕಿಲ್ಲ ಎಂದು ಮುಂದೆ ಧಾರವಾಡದಲ್ಲಿ ಓದುವಾಗ ತಿಳಿದು, ದೊಡ್ಡ ಪಂಡಿತನಂತೆ ಅವಳಿಗೆ ಹೇಳಿದ್ದೆ. "ಅಜ್ಜಿ ಮುಂದ ಹೇಳಬ್ಯಾಡಪಾ" ಎಂದಳು.

ಕಾದಂಬರಿ ಮುಗಿದ ಮೇಲೆ ರತ್ನಕ್ಕನಿಗೇ ಮುಂಡಗೋಡದ ಹತ್ತಿರದ ಇಂದೂರಿನ ಒಕ್ಕಲುಮನೆಯೊಂದಕ್ಕೆ ಮದುವೆಯಾಯಿತು. ಹೊರಡುವ ದಿನ ಅವ್ವ ಶಾಸ್ತ್ರದಂತೆ ಉಡಿ ತುಂಬಿದಳು. ರತ್ನಕ್ಕ ಮಣೆಯಿಂದ ಏಳಲಿಲ್ಲ. "ಅಜ್ಜಿ ತುಂಬಲಿ" ಎಂದಳು. ಅಜ್ಜಿ ವಿಧವೆ, ಉಡಿ ತುಂಬುವುದು ಮುತ್ತೈದೆಯರ ಕೆಲಸ. "ಹುಚ್ಚಿ, ನನ್ನ ಕೈಯಾಗಿನ ಅಕ್ಕಿ ನಿನಗ ಒಳ್ಳೇದಲ್ಲ. ಹೊತ್ತಾತು, ಹೋಗು" ಎಂದು ಅಜ್ಜಿ ಒಳಗಿನಿಂದಲೇ ಕೂಗಿದಳು. ರತ್ನಕ್ಕ ತುಂಬಿದ ಉಡಿ ಹಿಡಿದುಕೊಂಡೇ ಅಡಿಗೆಮನೆಗೆ ನಡೆದಳು. ಇಲ್ಲಿಯವರೆಗೆ ಎಲ್ಲರ ನೆನಪೂ ಒಂದೇ. ಮುಂದಿನದು ನನ್ನೊಬ್ಬನದು. ಅಜ್ಜಿ ಒಲೆಯ ಕಡೆ ಮುಖ ಮಾಡಿಯೇ ಕೇಳುತ್ತಾಳೆ: "ಗವಿ ಮಂದ್ಯಾಗ ಗಂಡ ಸತ್ತಾಕಿ ತುಂಬಬಾರದು ಅಂತ ಬರದಿಯೇನು?" "ಇಲ್ಲಜ್ಜಿ." "ಹಂಗಾರ ಹಿಡಿ ಸೆರಗ." ಬೂದಿ ಕೆದರಿ ಗೆಣಸು ತೆಗೆದು, ಊದದೆ, ಒರೆಸದೆ, ಅಕ್ಕಿಯ ಮೇಲೆ ಹಾಕುತ್ತಾಳೆ. ಹೊಸ ಸೀರೆಗೆ ಬೂದಿ ಹತ್ತುತ್ತದೆ.

ಅವ್ವನನ್ನು ಒಮ್ಮೆ ಕೇಳಿದ್ದೆ. "ಗೆಣಸೂ ಇಲ್ಲ ಏನೂ ಇಲ್ಲ. ರತ್ನಾ ಒಳಗ ಹೋಗಿ ಕಾಲಿಗೆ ಬಿದ್ದು ಬಂದ್ಲು, ಅಷ್ಟ" ಎಂದಿದ್ದಳು. ಹಾಗಾದರೆ ನಾನು ಕಂಡದ್ದು ಕಾದಂಬರಿಯ ಮುದುಕಿಯನ್ನೇ? ನೋಡೋಣವೆಂದರೆ ಹಾಳೆಗಳೂ ಉಳಿದಿಲ್ಲ, ಗೆದ್ದಲು ತಿಂದವು. ಅಜ್ಜಿ ಹೋದಳು, ಅಪ್ಪ ಅವ್ವ ಹೋದರು, ಆ ಮನೆ ಇದ್ದಲ್ಲಿ ಬೇರೆಯವರ ಮನೆ ಎದ್ದಿದೆ.

ಹಳಿಯಾಳದಲ್ಲಿ ಬಸ್ಸು ತಪ್ಪಿದ ಆ ದಿನ, ಮುಂದಿನ ಬಸ್ಸು ಹಿಡಿದು ಇಂದೂರಿಗೆ ಹೋದೆ. ಈಗ ಅಜ್ಜಿಯಷ್ಟೇ ಮುದುಕಿಯಾಗಿರುವ ರತ್ನಕ್ಕ ಕಟ್ಟೆಯ ಮೇಲೆ ಕೂತಿದ್ದಳು. "ಅಜ್ಜಿ ನಿನ್ನ ಉಡಿಗೆ ಗೆಣಸ ಹಾಕಿದ್ದು ಖರೇನ ಆಗಿತ್ತೋ, ನೀ ಬರದದ್ದೋ?" ಎಂದು ಕೇಳಿದೆ.

"ಅಷ್ಟೊಂದು ಕಲ್ತಾಂವ, ನನ್ನ ಕೇಳ್ತಿಯಲ್ಲೋ!" ಎಂದು ನಕ್ಕಳು. ಅವಳ ನಗು ನಿಂತು ಎಷ್ಟೋ ಹೊತ್ತಾದರೂ ಕೈ ಮಾತ್ರ, ಏನೂ ಇಲ್ಲದ ಮಡಿಲಿನಿಂದ, ಮೆಲ್ಲಗೆ ಬೂದಿ ಕೊಡವುತ್ತಿತ್ತು.